ನನ್ನ ಜೂನಿಯರ್‌ಗೆ ಐವತ್ತು ವರ್ಷ

ಮದುವೆಯಾಗಿ ಕುವೈತಿಗೆ ಬಂದ ಮೊದಲ ಬೇಸಿಗೆಯಲ್ಲಿ ನಾನು ದಿನಕ್ಕೆರಡು ಸಲ ಕಟ್ಟಡದ ಕೆಳಗಿನ ಬಖಾಲಾಕ್ಕೆ ಹೋಗುತ್ತಿದ್ದೆ. ಬಖಾಲಾ ಎಂದರೆ ಇಲ್ಲಿಯ ಮೂಲೆ ಅಂಗಡಿ. ಬೆಳಿಗ್ಗೆ ಮೊಸರಿಗೆ ಒಮ್ಮೆ, ಸಂಜೆ ಖುಬ್ಬೂಸ್ ರೊಟ್ಟಿಗೆ ಒಮ್ಮೆ. ಎರಡನ್ನೂ ಒಟ್ಟಿಗೇ ತಂದಿಟ್ಟುಕೊಳ್ಳಬಹುದಿತ್ತು. ಹಾಗೆ ಮಾಡಿದರೆ ಆ ದಿನ ಇನ್ನೊಬ್ಬರ ಜೊತೆ ಮಾತಾಡುವ ಅವಕಾಶ ಒಂದು ಕಮ್ಮಿಯಾಗುತ್ತಿತ್ತು. ಅಂಗಡಿಯವನು ಕೇರಳದವನು. "ಔರ್ ಕ್ಯಾ ಚಾಹಿಯೇ, ಚೇಚಿ?" ಎಂದು, ಮಲಯಾಳದ ಅಕ್ಕನನ್ನು ಹಿಂದಿಗೆ ಸೇರಿಸಿ ಕೇಳುತ್ತಿದ್ದ. ನಾನು ಬೇಡದ ಕೊತ್ತಂಬರಿ ಕಟ್ಟನ್ನೋ ಬೆಂಕಿಪೊಟ್ಟಣವನ್ನೋ ಕೇಳಿ ಮಾತನ್ನು ಇನ್ನೊಂದು ಚೂರು ಎಳೆಯುತ್ತಿದ್ದೆ. ಅಡುಗೆಮನೆಯ ಡ್ರಾಯರಿನಲ್ಲಿ ಬೆಂಕಿಪೊಟ್ಟಣಗಳು ರಾಶಿ ಬಿದ್ದಿದ್ದವು.

ನನ್ನ ಗಂಡ ಮೀನಾ ಅಬ್ದುಲ್ಲಾ ಎಂಬಲ್ಲಿಯ ತೈಲ ಶುದ್ಧೀಕರಣ ಘಟಕದಲ್ಲಿ ಗುತ್ತಿಗೆ ಕಂಪನಿಯೊಂದರ ಸೇಫ್ಟಿ ಎಂಜಿನಿಯರ್. ನಾವಿದ್ದದ್ದು ಹವಲ್ಲಿಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ. ಬೆಳಕು ಹರಿಯುವ ಮೊದಲೇ ಕಂಪನಿಯ ಬಸ್ಸು ಅವರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಸಂಜೆ ತಂದಿಳಿಸುವಾಗ ಅವರಲ್ಲಿ ಊಟ ಮಾಡುವಷ್ಟು ಜೀವ ಮಾತ್ರ ಉಳಿದಿರುತ್ತಿತ್ತು. ಒಳ್ಳೆಯ ಮನುಷ್ಯ. ನಾನು ಹೇಳಿದ್ದಕ್ಕೆಲ್ಲ "ಹೂಂ" ಎನ್ನುತ್ತಾ, ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದರು.

ಕಾಲೇಜಿನ ಗೆಳತಿಯರು ಫೋನಿನಲ್ಲಿ ಇದ್ದರು, ಇಲ್ಲವೆನ್ನುವಂತಿಲ್ಲ. ನಾನು ಮಂಡ್ಯದ ಕಡೆಯವಳು. ಮಂಗಳೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದಿದೆ. ಹಾಸ್ಟೆಲಿನಲ್ಲಿ ನಾವು ನಾಲ್ವರು ಒಂದೇ ಕೋಣೆಯಲ್ಲಿದ್ದು, ಒಬ್ಬಳ ಚೂಡಿದಾರ್ ಇನ್ನೊಬ್ಬಳು ತೊಟ್ಟು, ಒಬ್ಬಳಿಗೆ ಜ್ವರ ಬಂದರೆ ನಾಲ್ವರೂ ಕ್ಲಾಸಿಗೆ ಚಕ್ಕರ್ ಹಾಕಿ ಕೂರುತ್ತಿದ್ದೆವು. ಓದು ಮುಗಿದ ಮೇಲೆ ಒಂದು ವರ್ಷ ವಾಟ್ಸ್ಯಾಪ್ ಗುಂಪಿನಲ್ಲಿ ಜಾತ್ರೆಯೇ ಜಾತ್ರೆ. ಆಮೇಲೆ ಒಬ್ಬೊಬ್ಬರಿಗೆ ಕೆಲಸ, ಮದುವೆ, ಮಗು. ನಾನು ಕುವೈತಿಗೆ ಬರುವ ಹೊತ್ತಿಗೆ ಗುಂಪಿನಲ್ಲಿ ಹುಟ್ಟುಹಬ್ಬದ ಕೇಕಿನ ಚಿತ್ರಗಳಷ್ಟೇ ಓಡಾಡುತ್ತಿದ್ದವು. "ಹೇಗಿದ್ದೀಯೇ?" ಎಂದು ಕೇಳಿದರೆ ಹೆಬ್ಬೆರಳೆತ್ತಿದ ಚಿಹ್ನೆ ಬರುತ್ತಿತ್ತು.

ಆ ಬೇಸಿಗೆಯಲ್ಲೇ ನನ್ನ ಫೋನು ಮೆಟ್ಟಿಲ ಮೇಲೆ ಬಿದ್ದು ಗಾಜು ಒಡೆಯಿತು. ಹವಲ್ಲಿಯಲ್ಲಿ ಫೋನ್ ರಿಪೇರಿ ಅಂಗಡಿಗಳಿಗೇನು ಬರ? ಎರಡು ಬೀದಿ ಆಚೆ ಸಿಕ್ಕಿದ ಮೊದಲ ಅಂಗಡಿಗೆ ಹೋದೆ. ಐವತ್ತು ದಾಟಿದ, ನರೆತ ಗಡ್ಡದ ಒಬ್ಬರು ಗಾಜು ಬದಲಾಯಿಸಿ, ಫೋನು ಹೊತ್ತಿಸಿ ನೋಡಿದರು. ಪರದೆಯ ಮೇಲೆ ನಮ್ಮ ಕಾಲೇಜಿನ ಚಿತ್ರವಿತ್ತು. ಲೈಬ್ರರಿಯ ಮೆಟ್ಟಿಲ ಮೇಲೆ ನಾವು ನಾಲ್ವರು ಸೀರೆಯುಟ್ಟು ಕೂತದ್ದು.

ಅವರು ಕನ್ನಡಕ ಮೇಲೇರಿಸಿ ನೋಡಿದರು. ಆಮೇಲೆ ಕನ್ನಡದಲ್ಲಿ, ಅದೂ ಅಪ್ಪಟ ಮಂಗಳೂರು ಕನ್ನಡದಲ್ಲಿ, ಕೇಳಿದರು:

"ಇದು ಮಂಗಳೂರಿನ ಲೇಡೀಸ್ ಕಾಲೇಜಿನ ಮೆಟ್ಟಿಲಲ್ವಾ?"

"ಹೌದು! ನಿಮಗೆ ಹೇಗೆ ಗೊತ್ತಾಯ್ತು?"

"ನಮ್ಮ ಮನೆಯವಳು ಅಲ್ಲೇ ಓದಿದ್ದು. ಫೀಸು ಕಟ್ಲಿಕ್ಕೆ ನಾನೇ ಹೋಗಿದ್ದೆ. ಈ ಮೆಟ್ಟಿಲಲ್ಲಿ ಕೂತು ಕೂತು ನನ್ನ ಸೊಂಟ ಹಿಡಿದಿತ್ತು."

ಹೆಂಡತಿಯ ಫೀಸನ್ನು ಗಂಡ ಯಾಕೆ ಕಟ್ಟಿದರು ಎಂದು ನನಗೆ ಆಗ ಹೊಳೆಯಲಿಲ್ಲ. ಕನ್ನಡ ಕೇಳಿದ ಖುಷಿಯಲ್ಲಿ ತಲೆ ಓಡಲಿಲ್ಲ. ಅವರು ಮುಂದುವರಿಸಿದರು, "ಇಲ್ಲಿ ಅವರದ್ದೊಂದು ಗುಂಪುಂಟು. ಹಳೆ ವಿದ್ಯಾರ್ಥಿನಿಯರದ್ದು. ತಿಂಗಳಿಗೊಮ್ಮೆ ಶುಕ್ರವಾರ ಸೇರ್ತಾರೆ. ನಿಮ್ಮ ನಂಬರ್ ಕೊಡಿ, ಅವಳು ಫೋನ್ ಮಾಡ್ತಾಳೆ."

ಸಂಜೆಯೇ ಫೋನು ಬಂತು. ತೂಕವಾದ, ದೊಡ್ಡವರ ದನಿ. "ನಮಸ್ಕಾರ ಆಂಟಿ" ಎಂದೆ.

"ಆಂಟಿ ಗೀಂಟಿ ಆಮೇಲೆ. ಮೊದಲು ಹೇಳಿ, ನೀವು ಯಾವ ಬ್ಯಾಚ್?"

ನಾನು ಸೇರಿದ ವರ್ಷ ಹೇಳಿದೆ. ಆ ಕಡೆಯಿಂದ ದೊಡ್ಡದೊಂದು ಉಸಿರು.

"ಅಯ್ಯೋ ದೇವರೇ. ನೀವು ನನಗಿಂತ ಒಂದು ವರ್ಷ ಸೀನಿಯರ್ ಮಾರಾಯ್ತಿ! ಇನ್ನೂ ನನ್ನ ಕೈಯಿಂದ ಟ್ರೇ ಬಿಡುವುದಿಲ್ಲ ಹಾಗಾದ್ರೆ."

ಏನೊಂದೂ ಅರ್ಥವಾಗಲಿಲ್ಲ. "ಶುಕ್ರವಾರ ಬನ್ನಿ, ಗೊತ್ತಾಗ್ತದೆ. ನಾನೇ ಬಂದು ಕರ್ಕೊಂಡು ಹೋಗ್ತೇನೆ, ಅಕ್ಕ" ಎಂದು ಅವರು ನಗುತ್ತಾ ಫೋನಿಟ್ಟರು. ಅಷ್ಟು ವಯಸ್ಸಾದ ದನಿಯೊಂದು ನನ್ನನ್ನು ಅಕ್ಕ ಎಂದು ಕರೆದದ್ದು ಅದೇ ಮೊದಲು.

ಶುಕ್ರವಾರ ಮಧ್ಯಾಹ್ನ ನಮ್ಮ ಕಟ್ಟಡದ ಮುಂದೆ ಬಿಳಿ ಕಾರೊಂದು ನಿಂತಿತು. ಸ್ಟಿಯರಿಂಗಿನ ಹಿಂದೆ ಕಪ್ಪು ಬುರ್ಖಾ ತೊಟ್ಟ, ದುಂಡು ಕನ್ನಡಕದ ಹೆಂಗಸು. ಒಳಗೆ ಕೂತು ಅವರ ಮುಖ ನೋಡಿದವಳೇ "ಅರೆ, ಮ್ಯಾಮ್!" ಎಂದುಬಿಟ್ಟೆ.

"ನೀವೂನಾ?" ಎಂದರು ಅವರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಲೇ ಇದ್ದ.

ನಡೆದದ್ದು ಹೀಗೆ. ನಾನು ಎರಡನೆಯ ವರ್ಷದಲ್ಲಿದ್ದಾಗ, ಕಾಲೇಜು ಶುರುವಾದ ದಿನ, ನಾವು ಕೆಲವರು ಲೈಬ್ರರಿ ಮೆಟ್ಟಿಲ ಮೇಲೆ ಕೂತಿದ್ದೆವು. ಕಪ್ಪು ಬುರ್ಖಾದ, ದುಂಡು ಕನ್ನಡಕದ, ಕಂಕುಳಲ್ಲಿ ಫೈಲು ಹಿಡಿದ ಒಬ್ಬರು ಮೆಟ್ಟಿಲು ಹತ್ತಿ ಬಂದರು. ಹೊಸ ಲೆಕ್ಚರರ್ ಎಂದುಕೊಂಡು ಎಲ್ಲರೂ ಧಡಕ್ಕನೆ ಎದ್ದು "ಗುಡ್ ಮಾರ್ನಿಂಗ್ ಮ್ಯಾಮ್" ಎಂದೆವು. ಅವರು ಗುಡ್ ಮಾರ್ನಿಂಗ್ ಹೇಳಿ, ನಕ್ಕು, ಒಳಗೆ ಹೋದರು. ವಾರದ ಮೇಲೆ ತಿಳಿಯಿತು, ಅವರು ಮೊದಲ ವರ್ಷದ ಬಿ.ಎ. ವಿದ್ಯಾರ್ಥಿನಿ. ತಿಳಿದ ಮೇಲೂ ಅವರು ಎದುರಿಗೆ ಬಂದರೆ ನಮ್ಮ ಕಾಲು ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ನನ್ನದು ಬಿ.ಎಸ್ಸಿ. ಬ್ಲಾಕು, ಅವರದು ಬಿ.ಎ. ಬ್ಲಾಕು. ಒಂದು ಮಾತೂ ಆಡದೆ ನಾನು ಓದು ಮುಗಿಸಿ ಬಂದಿದ್ದೆ.

"ನಿಮ್ಮನ್ನು ಏನಂತ ಕರೀಲಿ ಈಗ?" ಎಂದು ಕಾರಿನಲ್ಲಿ ಕೇಳಿದೆ.

"ನಾನು ನಿಮ್ಮ ಜೂನಿಯರ್. ಹಾಗೇ ಕರೀರಿ."

ಅದೇ ಹೆಸರು ನಿಂತುಬಿಟ್ಟಿತು.

ರುಮೈಥಿಯಾದಲ್ಲಿ ಗುಂಪಿನ ಹಿರಿಯರ ಮನೆ. ಅವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಭಾರತೀಯ ಶಾಲೆಯೊಂದರಲ್ಲಿ ಎಷ್ಟೋ ವರ್ಷಗಳಿಂದ ಫಿಸಿಕ್ಸ್ ಟೀಚರ್. ತೆಳ್ಳಗಿನ ಮೈ, ಇಸ್ತ್ರಿ ಮುರಿಯದ ಹತ್ತಿ ಸೀರೆ, ಮಾತಾಡುವಾಗ ಕೈಯಲ್ಲಿ ಸೀಮೆಸುಣ್ಣ ಹಿಡಿದಂಥ ಬೆರಳು. ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಬ್ಯಾಂಕಿನವರು, ಆಸ್ಪತ್ರೆಯ ನರ್ಸ್‌ಗಳು, ಮನೆಯಲ್ಲಿ ಇರುವವರು. ಒಂದು ಮೂಲೆಯಲ್ಲಿ ತುಳು, ಇನ್ನೊಂದು ಕಡೆ ಕೊಂಕಣಿ, ನಡುವೆ ಕನ್ನಡ. ಅವರ ಮಕ್ಕಳು ಒಳಕೋಣೆಯಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು.

ಆ ಗುಂಪಿಗೊಂದು ಕಟ್ಟಳೆಯಿತ್ತು. ವಯಸ್ಸು ಎಷ್ಟೇ ಇರಲಿ, ಬ್ಯಾಚೇ ಲೆಕ್ಕ. ಮೊದಲು ಸೇರಿದವರು ಅಕ್ಕ, ಆಮೇಲೆ ಸೇರಿದವರು ತಂಗಿ. ಎಲ್ಲರಿಗಿಂತ ಕೊನೆಯ ಬ್ಯಾಚಿನವರು ಚಹಾದ ಟ್ರೇ ಹಿಡಿಯಬೇಕು. ಐವತ್ತು ವರ್ಷದ ನನ್ನ ಜೂನಿಯರ್, ಗುಂಪಿಗೆ ಸೇರಿದಂದಿನಿಂದ ಟ್ರೇ ಹಿಡಿಯುತ್ತಿದ್ದರು. ಇಪ್ಪತ್ತಾರರ ನಾನು ಸೋಫಾದಲ್ಲಿ ಕೂತಿದ್ದೆ. ಅವರು ಬಗ್ಗಿ, "ತಗೊಳ್ಳಿ, ಸೀನಿಯರ್ ಅಕ್ಕ" ಎಂದು ಚಹಾ ಹಿಡಿದಾಗ ನನಗೆ ಮುಳ್ಳಿನ ಮೇಲೆ ಕೂತಂತಾಯಿತು. ಎದ್ದು ಟ್ರೇ ಕಸಿಯಲು ಹೋದೆ.

"ಕೂತ್ಕೋ" ಎಂದರು ದೊಡ್ಡಕ್ಕ. "ರೂಲ್ ಅಂದ್ರೆ ರೂಲ್."

"ಕೂತ್ಕೊಳ್ಳಿ ಅಕ್ಕ" ಎಂದರು ನನ್ನ ಜೂನಿಯರ್ ಕೂಡ, ಕಣ್ಣು ಮಿಟುಕಿಸಿ. "ಸೀನಿಯರ್ ಹೇಳಿದ್ರೆ ಕೇಳ್ಬೇಕು."

ಚಹಾದ ಜೊತೆ ಗೋಳಿಬಜೆ ಇತ್ತು, ನಮ್ಮ ಕಾಲೇಜು ಕ್ಯಾಂಟೀನಿನಲ್ಲಿ ಸಿಗುತ್ತಿದ್ದಂಥದ್ದೇ. ಒಬ್ಬರು ಮೂವತ್ತು ವರ್ಷದ ಹಿಂದಿನ ವಾರ್ಡನ್ನಿನ ಕಥೆ ಹೇಳಿದರು. ನಾನು ನಮ್ಮ ವಾರ್ಡನ್ನಿನ ಕಥೆ ಹೇಳಿದೆ. ಎರಡೂ ಒಬ್ಬರದೇ ಎಂದು ಗೊತ್ತಾದಾಗ ಎಲ್ಲರೂ ಹೋ ಎಂದರು. ಸಂಜೆ ಮನೆಗೆ ಬಂದು ಗಂಡನಿಗೆ ಒಂದು ಗಂಟೆ ಕೂತು ಎಲ್ಲ ಹೇಳಿದೆ. ಆ ದಿನ ಅವರು ತೂಕಡಿಸಲಿಲ್ಲ. ಶುಕ್ರವಾರದ ರಜೆಯಾದ್ದರಿಂದಲೂ ಇರಬಹುದು.

ಅಲ್ಲಿಂದ ಮುಂದೆ ಬಖಾಲಾಕ್ಕೆ ಎರಡನೆಯ ಸಲ ಹೋಗುವುದು ನಿಂತಿತು. ಮೊಸರು ತಂದಿಟ್ಟು, ಒಂದಿಷ್ಟು ಕೆಲಸ ಮುಗಿಸಿ, ನನ್ನ ಜೂನಿಯರ್ ಮನೆಗೆ ನಡೆದುಬಿಡುತ್ತಿದ್ದೆ. ಗಂಡನ ಅಂಗಡಿಯ ಮೇಲಿನ ಮಹಡಿಯಲ್ಲೇ ಅವರ ಮನೆ. ದೊಡ್ಡ ಮಗಳಿಗೆ ಊರಿನಲ್ಲಿ ಮದುವೆಯಾಗಿತ್ತು. ಚಿಕ್ಕವಳು ಇಲ್ಲಿ ಹನ್ನೆರಡನೆಯ ತರಗತಿ. ಅವರು ಒಂದು ಕಡೆ ಮೀನು ಕೊಯ್ಯುತ್ತಾ, ನಾನು ಇನ್ನೊಂದು ಕಡೆ ಬೆಳ್ಳುಳ್ಳಿ ಸುಲಿಯುತ್ತಾ ಮಾತು. ಅವರಿಂದ ನಾನು ನೈ ಪತ್ತಿರ್ ಕಲಿತೆ. ಅಕ್ಕಿಯ ಹಿಟ್ಟಿಗೆ ತೆಂಗು, ಈರುಳ್ಳಿ, ಸೋಂಪು ಹಾಕಿ ಕರಿಯುವ ರೊಟ್ಟಿ. ನನ್ನದು ಉಬ್ಬುತ್ತಲೇ ಇರಲಿಲ್ಲ. "ಉಬ್ಬದಿದ್ರೆ ಎಂತಾಯ್ತು, ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ" ಎಂದು ಅದನ್ನೇ ಮೊದಲು ತಿನ್ನುತ್ತಿದ್ದರು.

ಒಂದು ದಿನ ನಾನು ಕೇಳಿದೆ, "ನೀವು ಆ ವಯಸ್ಸಿನಲ್ಲಿ ಕಾಲೇಜಿಗೆ ಸೇರಿದ್ದು ಯಾಕೆ?"

"ಅದೊಂದು ತಮಾಷೆ. ಪಿಯುಸಿ ಆದ ಕೂಡ್ಲೇ ಮದುವೆ, ಕುವೈತ್. ಮಕ್ಕಳ ಓದಿಗೆ ಅಂತ ನಡುವೆ ಕೆಲವು ವರ್ಷ ಊರಿನಲ್ಲಿದ್ದೆ. ದೊಡ್ಡವಳಿಗೆ ಸೀಟು ಕೇಳ್ಲಿಕ್ಕೆ ಆ ಕಾಲೇಜಿಗೆ ಹೋದದ್ದು. ಆಫೀಸಿನವರು ತಲೆ ಎತ್ತದೆ, 'ಅರ್ಜಿ ಇಬ್ಬರಿಗಾ?' ಅಂತ ಕೇಳಿದ್ರು. ನನ್ನ ಬಾಯಿಂದ ಹೌದು ಅಂತ ಬಂತು. ಮಗಳು ನನ್ನ ಮುಖ ನೋಡಿದ್ಲು, ನಾನು ಅವಳ ಮುಖ ನೋಡಿದೆ. ಆಮೇಲೆ ಅವಳಿಗೆ ಎಂಜಿನಿಯರಿಂಗ್ ಸಿಕ್ಕಿತು, ಹೋದ್ಲು. ನಾನು ಅಲ್ಲೇ ಉಳಿದೆ."

"ನಿಮ್ಮವರು ಏನಂದ್ರು?"

"ಇವರಾ? ಫೋನಲ್ಲಿ ನಕ್ಕರು. ಅಂಗಡಿಗೆ ಬೀಗ ಹಾಕಿ ಊರಿಗೆ ಬಂದು ಫೀಸು ಕಟ್ಟಿದ್ರು. ತಂದೆ ತಾಯಿಯರ ಮೀಟಿಂಗಿಗೆ ಯಾರು ಬರ್ಬೇಕು ಅಂತ ಕೇಳಿದ್ರು, ಅಷ್ಟೆ."

ನಗುತ್ತಿದ್ದವರು ಕೊಯ್ದ ಮೀನನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರು. ಆಮೇಲೆ ಹೇಳಿದರು, "ಓದಿದ್ದು ಚೆನ್ನಾಗಿಯೇ ಓದಿದೆ. ಫಸ್ಟ್ ಕ್ಲಾಸ್. ಆದ್ರೆ ಮೂರು ವರ್ಷದಲ್ಲಿ ನನ್ನನ್ನು ಒಬ್ಬಳಾದ್ರೂ ಕ್ಲಾಸ್ ಬಂಕ್ ಮಾಡುವ ಅಂತ ಕರೀಲಿಲ್ಲ. ನಾನು ಹೋದ ಕೂಡ್ಲೇ ಹುಡುಗಿಯರ ಮಾತು ನಿಲ್ತಿತ್ತು. ಎದ್ದು ನಿಂತು ಜಾಗ ಕೊಡುವವರು, ನೀರಿನ ಬಾಟ್ಲಿ ತುಂಬಿಸಿ ತರುವವರು. ಒಳ್ಳೆ ಮಕ್ಕಳೇ, ಪಾಪ. ಪಕ್ಕದಲ್ಲಿ ಕೂತು ಹರಟೆ ಹೊಡೆಯುವವರು ಮಾತ್ರ ಇರ್ಲಿಲ್ಲ. ಈ ಗುಂಪಿಗೆ ಸೇರಿದ್ದು ಅದಕ್ಕೇ. ಟ್ರೇ ಹಿಡಿದಾದ್ರೂ ಸರಿ."

ನಾನೂ ಗೆಳತಿಯರಿಲ್ಲದೆ ಆ ಗುಂಪಿಗೆ ಹೋದವಳೇ. ಆದರೆ ನನಗೆ ಕಾಲೇಜಿನಲ್ಲಿ ಸ್ನೇಹ ಸಿಕ್ಕಿ ಆಮೇಲೆ ಕಳೆದುಹೋಗಿತ್ತು, ಅವರಿಗೆ ಸಿಕ್ಕೇ ಇರಲಿಲ್ಲ. ಬೆಳ್ಳುಳ್ಳಿ ಸುಲಿದು ಮುಗಿದಿತ್ತು. ಸುಮ್ಮನೆ ಇನ್ನೊಂದು ಗಡ್ಡೆ ತೆಗೆದುಕೊಂಡೆ. "ಅಷ್ಟು ಬೆಳ್ಳುಳ್ಳಿ ಎಂತಕ್ಕೆ ಮಾರಾಯ್ತಿ, ಮದುವೆ ಉಂಟಾ?" ಎಂದು ಅವರೇ ನಗಿಸಿದರು.

ಚಳಿಗಾಲ ಬಂತು. ಕುವೈತಿನಲ್ಲಿ ಜನ ಮನೆಯಿಂದ ಹೊರಗೆ ಬಂದು ಉಸಿರಾಡುವ ಕಾಲ. ನಮ್ಮ ಗುಂಪು ಪ್ರತಿ ಚಳಿಗಾಲ ಒಂದು ಸಂಜೆ ಕಾಲೇಜ್ ಡೇ ಮಾಡುತ್ತಿತ್ತು. ಹೋಟೆಲೊಂದರ ಪಾರ್ಟಿ ಹಾಲ್ ಹಿಡಿದು, ಗಂಡಂದಿರನ್ನೂ ಮಕ್ಕಳನ್ನೂ ಕೂರಿಸಿ, ಹಾಡು ಕುಣಿತ. ಆ ವರ್ಷ ತರಗತಿಯ ಕೋಣೆಯನ್ನೇ ಒಂದು ನಾಟಕ ಮಾಡುವುದೆಂದು ತೀರ್ಮಾನವಾಯಿತು. ಬರೆದದ್ದು ದೊಡ್ಡಕ್ಕ. ಪಾತ್ರ ಹಂಚಿದ್ದೂ ಅವರೇ.

"ಲೆಕ್ಚರರ್ ಪಾರ್ಟು ನೀನು ಮಾಡು" ಎಂದು ನನ್ನ ಜೂನಿಯರ್ ಕಡೆ ಬೆರಳು ತೋರಿಸಿದರು. "ನಿನಗೆ ಸೂಟ್ ಆಗ್ತದೆ."

"ಇಲ್ಲ ದೊಡ್ಡಕ್ಕ" ಎಂದರು ನನ್ನ ಜೂನಿಯರ್. ಟ್ರೇ ಕೈಯಲ್ಲೇ ಇತ್ತು.

"ಎಂತ ಇಲ್ಲ?"

"ಲೆಕ್ಚರರ್ ಆಗುದಿಲ್ಲ. ನಾನು ಸ್ಟೂಡೆಂಟ್ ಆಗ್ತೇನೆ. ಲಾಸ್ಟ್ ಬೆಂಚ್."

ಕೋಣೆಯಲ್ಲಿ ಒಂದಿಬ್ಬರು ನಕ್ಕರು. ದೊಡ್ಡಕ್ಕ ನಗಲಿಲ್ಲ. "ನೋಡು, ಅದು ಹದಿನೆಂಟು ವರ್ಷದ ಹುಡುಗಿ ಪಾರ್ಟು. ನೋಡಿದವರು ನಗ್ತಾರೆ."

"ನಗ್ಲಿಕ್ಕೇ ಅಲ್ವಾ ನಾಟಕ ಮಾಡುದು?"

ದೊಡ್ಡಕ್ಕನ ಹುಬ್ಬು ಮೇಲೇರಿತು. ಅವರ ಮಾತಿಗೆ ಆ ಮನೆಯಲ್ಲಿ ಎದುರು ಮಾತು ಬಂದದ್ದನ್ನು ನಾನು ಕಂಡಿರಲಿಲ್ಲ. ಆದರೂ ಬಾಯಿ ತೆರೆದೆ. "ದೊಡ್ಡಕ್ಕ, ರೂಲ್ ಪ್ರಕಾರ ಅವರೇ ಎಲ್ಲರಿಗಿಂತ ಚಿಕ್ಕವರು. ಸ್ಟೂಡೆಂಟ್ ಪಾರ್ಟು ಮೊದಲು ಅವರಿಗೇ ಬರಬೇಕು."

ಎಲ್ಲರೂ ದೊಡ್ಡಕ್ಕನ ಮುಖ ನೋಡಿದರು. ಅವರು ನನ್ನನ್ನೊಮ್ಮೆ, ಟ್ರೇಯನ್ನೊಮ್ಮೆ ನೋಡಿ, "ಆಯ್ತು ಮಾರಾಯ್ತಿ" ಎಂದರು. "ಆದ್ರೆ ಲೆಕ್ಚರರ್ ಯಾರು?"

"ನೀವೇ!" ಎಂದರು ಎಲ್ಲರೂ ಒಟ್ಟಿಗೆ.

ಅಭ್ಯಾಸ ನಡೆದದ್ದು ನನ್ನ ಜೂನಿಯರ್ ಮನೆಯಲ್ಲಿ. ಊಟದ ಮೇಜು ಗೋಡೆಗೆ ಸರಿಸಿ, ಕುರ್ಚಿಗಳನ್ನು ಬೆಂಚಿನಂತೆ ಜೋಡಿಸಿ ತಾಲೀಮು. ನನಗೂ ಅವರಿಗೂ ಕೊನೆಯ ಬೆಂಚು. ಲೆಕ್ಚರರ್ ಬೋರ್ಡಿನ ಕಡೆ ತಿರುಗಿದಾಗ ನಾವು ಗೋಳಿಬಜೆ ತಿನ್ನುವ ನಟನೆ ಮಾಡಬೇಕು, ಅವರು ಇತ್ತ ತಿರುಗಿದಾಗ ಪುಸ್ತಕದಲ್ಲಿ ಮುಖ ಹುದುಗಿಸಬೇಕು. ಇಷ್ಟೇ ನಮ್ಮ ಪಾರ್ಟು. ನನ್ನ ಜೂನಿಯರ್ ಅದನ್ನು ದಿನವೂ ಬೇರೆ ಬೇರೆ ತರ ಮಾಡುತ್ತಿದ್ದರು. ಎರಡು ಜಡೆ ಹಾಕಲೇ ಎಂದು ಕೇಳಿದರು. ಅವರ ಚಿಕ್ಕ ಮಗಳು ಬಾಗಿಲಿಗೆ ಒರಗಿ, "ಉಮ್ಮಾ, ಪ್ಲೀಸ್, ಮೈ ಫ್ರೆಂಡ್ಸ್ ವಿಲ್ ಬಿ ದೇರ್!" ಎಂದು ಗೋಳಾಡಿದಳು. "ನನ್ನ ಫ್ರೆಂಡ್ಸೂ ಇರ್ತಾರೆ" ಎಂದರು ತಾಯಿ ಕನ್ನಡದಲ್ಲಿ. ಜಡೆಯ ವಿಚಾರ ಅಲ್ಲಿಗೆ ಬಿಟ್ಟು, ತಲೆಗೆ ತಿಳಿ ಗುಲಾಬಿ ಬಣ್ಣದ ಸ್ಕಾರ್ಫ್ ಎಂದು ತೀರ್ಮಾನವಾಯಿತು.

ಕಾಲೇಜ್ ಡೇ ಬಂತು. ಹಾಲ್ ತುಂಬಿತ್ತು. ನನ್ನ ಗಂಡ ಮೀನಾ ಅಬ್ದುಲ್ಲಾದಿಂದ ನೇರವಾಗಿ, ಬೂಟಿನ ಮೇಲೆ ಧೂಳಿರುವಂತೆಯೇ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ಮೊದಲ ಸಾಲಿನಲ್ಲಿ ಫೋನ್ ಅಂಗಡಿಯ ಯಜಮಾನರು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ.

ಪರದೆ ಸರಿಯಿತು. ಗುಲಾಬಿ ಸ್ಕಾರ್ಫ್, ಹೆಗಲಿಗೆ ಕಾಲೇಜು ಬ್ಯಾಗು ಹಾಕಿಕೊಂಡು ನನ್ನ ಜೂನಿಯರ್ ತಡವಾಗಿ ಓಡಿಬಂದು ಬೆಂಚಿನಲ್ಲಿ ಕೂತಾಗಲೇ ಹಾಲಿನಲ್ಲಿ ಸಿಳ್ಳೆ ಬಿತ್ತು. ದೊಡ್ಡಕ್ಕ ಬೋರ್ಡಿನ ಕಡೆ ತಿರುಗಿ ಬೆಳಕಿನ ವಕ್ರೀಭವನ ಬರೆಯತೊಡಗಿದರು. ನಾವು ತಿನ್ನುವ ನಟನೆ ಮಾಡಬೇಕಾದ ಹೊತ್ತು. ನನ್ನ ಜೂನಿಯರ್ ಬ್ಯಾಗಿನಿಂದ ನಿಜವಾದ ಗೋಳಿಬಜೆಯ ಪೊಟ್ಟಣ ತೆಗೆದರು! ಬಿಸಿ ಆರಿರಲಿಲ್ಲ. ಪರಿಮಳ ಮೊದಲ ಸಾಲಿನವರೆಗೆ ಹೋಗಿರಬೇಕು. ನನ್ನ ಬಾಯಿಗೂ ಒಂದು ತುರುಕಿದರು.

ದೊಡ್ಡಕ್ಕ ತಿರುಗಿದರು. ಅವರ ಮುಖ ನೋಡಿ ನನಗೆ ಗೊತ್ತಾಯಿತು, ನಾಟಕ ಅವರ ತಲೆಯಿಂದ ಹಾರಿಹೋಗಿದೆ. ವರ್ಷಗಟ್ಟಲೆ ಪಾಠ ಮಾಡಿದ ಟೀಚರು ಅಲ್ಲಿ ನಿಂತಿದ್ದರು.

"ಯೂ! ಲಾಸ್ಟ್ ಬೆಂಚ್! ಸ್ಟ್ಯಾಂಡ್ ಅಪ್! ಎಂತ ತಿಂತಾ ಇದ್ದಿ?"

ಇದು ಬರೆದ ನಾಟಕದಲ್ಲಿ ಇರಲಿಲ್ಲ. ನನ್ನ ಜೂನಿಯರ್ ಎದ್ದು ನಿಂತರು. ಎರಡೂ ಕೆನ್ನೆ ಉಬ್ಬಿದ್ದವು. ಮೆಲ್ಲಗೆ ನುಂಗಿ, ಪೊಟ್ಟಣ ಮುಂದೆ ಚಾಚಿ, "ಗೋಳಿಬಜೆ ಮಿಸ್. ನಿಮಗೂ ಉಂಟು" ಎಂದರು.

ಹಾಲ್ ಎರಡು ಹೋಳಾದಂತೆ ನಗು. ಅಂಗಡಿಯ ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ಮರ್ಯಾದೆ ಹೋಗುತ್ತದೆಂದು ಹೆದರಿದ್ದ ಮಗಳು ಕುರ್ಚಿಯ ಮೇಲೆ ಹತ್ತಿ ವಿಡಿಯೊ ತೆಗೆಯುತ್ತಿದ್ದಳು.

"ಗೆಟ್ ಔಟ್!" ಎಂದು ಗುಡುಗಿದರು ದೊಡ್ಡಕ್ಕ.

ನನ್ನ ಜೂನಿಯರ್ ಬ್ಯಾಗ್ ಹೆಗಲಿಗೇರಿಸಿ ಹೊರಟರು. ಎರಡು ಹೆಜ್ಜೆ ಹೋಗಿ ತಿರುಗಿ, ನನ್ನ ಕೈ ಹಿಡಿದೆಳೆದರು. "ಇವಳೂ ತಿಂದಿದ್ದಾಳೆ ಮಿಸ್!"

ಇವಳು! ಇಷ್ಟು ತಿಂಗಳು ಅಕ್ಕ, ನೀವು, ತಗೊಳ್ಳಿ, ಕೂತ್ಕೊಳ್ಳಿ ಎನ್ನುತ್ತಿದ್ದವರ ಬಾಯಲ್ಲಿ ಅದು ಬಂದ ಕೂಡಲೇ ನನಗೆ ಹಾಸ್ಟೆಲಿನ ಕೋಣೆಗೇ ಹೋಗಿ ನಿಂತಂತಾಯಿತು. ಬಾಯಿ ತುಂಬ ಗೋಳಿಬಜೆ ಇಟ್ಟುಕೊಂಡೇ ಅವರ ಹಿಂದೆ ವೇದಿಕೆಯಿಂದಿಳಿದು, ಜನರ ನಡುವಿನಿಂದ ಓಡಿ, ಹಾಲಿನ ಬಾಗಿಲಾಚೆ ಬಂದು ನಿಂತೆ. ಇಬ್ಬರೂ ಗೋಡೆಗೆ ಒರಗಿ ಹೊಟ್ಟೆ ಹಿಡಿದು ನಕ್ಕೆವು.

"ಒಳಗೆ ಹೋಗೋಣ ನಡೀರಿ, ಇನ್ನೂ ನಾಟಕ ಮುಗಿದಿಲ್ಲ" ಎಂದೆ.

"ಎಂತಕ್ಕೆ? ಗೆಟ್ ಔಟ್ ಅಂದ್ರಲ್ಲ. ಬಾ, ಬಂಕ್ ಮಾಡುವ."

ರಸ್ತೆಯಾಚೆ, ಇಲ್ಲಿಯವರು ಕರಕ್ ಎನ್ನುವ ಕಡಕ್ ಚಹಾದ ಸಣ್ಣ ಅಂಗಡಿಯಿತ್ತು. ಗುಲಾಬಿ ಸ್ಕಾರ್ಫಿನ, ಕಾಲೇಜು ಬ್ಯಾಗಿನ ನನ್ನ ಜೂನಿಯರನ್ನು ಚಹಾದವನು ವಿಚಿತ್ರವಾಗಿ ನೋಡಿ ಎರಡು ಲೋಟ ಕೊಟ್ಟ. ಫುಟ್‌ಪಾತಿನ ಅಂಚಿನಲ್ಲಿ ಕೂತು ಕುಡಿದೆವು. ತಣ್ಣನೆಯ ಗಾಳಿ ಬೀಸುತ್ತಿತ್ತು. ಏನು ಮಾತಾಡಿದೆವೆಂದು ಈಗ ಕೇಳಿದರೆ ಹೇಳಲಾರೆ. ದೊಡ್ಡಕ್ಕನ ಹುಬ್ಬಿನ ಬಗ್ಗೆ, ಅತ್ತೆಯಂದಿರ ಬಗ್ಗೆ, ಅಂಗಡಿಯವನ ಮೀಸೆಯ ಬಗ್ಗೆ. ಹುಡುಗಿಯರು ಏನು ಮಾತಾಡುತ್ತಾರೋ ಅದೇ. ನಾವು ಹಿಂದಿರುಗುವಾಗ ವಂದನಾರ್ಪಣೆಯೂ ಮುಗಿದು ಜನ ಬಿರಿಯಾನಿಗೆ ಸಾಲು ನಿಂತಿದ್ದರು. ನನ್ನ ಗಂಡ ಕಂಗಾಲಾಗಿ ಬಂದು, "ಎಲ್ಲಿ ಹೋಗಿದ್ರಿ ಇಬ್ಬರೂ? ಅದು ನಾಟಕದಲ್ಲಿ ಇತ್ತಾ, ಇಲ್ವಾ?" ಎಂದು ಕೇಳಿದರು.

ದೊಡ್ಡಕ್ಕ ನಮ್ಮನ್ನು ಕಂಡು ದುರುಗುಟ್ಟಿದರು. ನಾವು ತಲೆ ತಗ್ಗಿಸಿ ನಿಂತೆವು. ಅವರು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಕೇಳಿದರು, "ಬಜೆ ಉಳಿದಿದೆಯಾ?"

ಆಮೇಲಿನ ಚಳಿಗಾಲದಲ್ಲಿ ನನ್ನ ಅಮ್ಮ ಮಂಡ್ಯದಿಂದ ಒಂದು ತಿಂಗಳಿಗೆಂದು ಬಂದರು. ಪೆಟ್ಟಿಗೆಯ ತುಂಬ ರಾಗಿ ಹಿಟ್ಟು, ಹುರುಳಿಕಾಳು. ಹಗಲಿಡೀ ಮಗಳು ಒಬ್ಬಳೇ ಇರುತ್ತಾಳೆಂದು ಅವರಿಗೆ ಮೊದಲಿನಿಂದಲೂ ಕೊರಗು. "ಇಲ್ಲಮ್ಮ, ನನ್ನ ಕಾಲೇಜಿನ ಜೂನಿಯರ್ ಒಬ್ಬರು ಇಲ್ಲೇ ಹತ್ತಿರ ಇದಾರೆ, ದಿನಾ ಸಿಗ್ತೀವಿ" ಎಂದು ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದೆ. ಅಮ್ಮನ ಕಲ್ಪನೆಯಲ್ಲಿ ಅದು ಜೀನ್ಸ್ ತೊಟ್ಟ ಹುಡುಗಿ. ಅವಳಿಗೆ ಕೊಡಲೆಂದು ಮಣಿಯ ಓಲೆಯನ್ನೂ ತಂದಿದ್ದರು.

ನನ್ನ ಜೂನಿಯರ್ ನಮ್ಮ ಮನೆಗೆ ಬಂದರು. ಅಮ್ಮ ಬಾಗಿಲು ತೆರೆದರು.

"ನಮಸ್ತೆ ಆಂಟಿ" ಎಂದರು ನನ್ನ ಜೂನಿಯರ್, ಭಕ್ತಿಯಿಂದ ಕೈ ಜೋಡಿಸಿ.

ಅಮ್ಮ ತಬ್ಬಿಬ್ಬಾಗಿ ನನ್ನ ಕಡೆ ತಿರುಗಿ ಪಿಸುಗುಟ್ಟಿದರು, "ಏನವ್ವ, ಅವರು ನನಗಿಂತ ದೊಡ್ಡೋರು ಕಾಣ್ತಾರೆ. ನನ್ನ ಆಂಟಿ ಅಂತಾರಲ್ಲ!"

ದೊಡ್ಡವರೇ ಹೌದು, ಎರಡು ವರ್ಷ. ಪಿಸುಮಾತು ಅವರಿಗೂ ಕೇಳಿಸಿತು. "ಫ್ರೆಂಡಿನ ಅಮ್ಮನನ್ನು ಮತ್ತೆಂತ ಕರೀಬೇಕು, ಆಂಟಿ?" ಎಂದು ಗಂಭೀರವಾಗಿ ಕೇಳಿದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಓಲೆಯನ್ನು ಅವರ ಕೈಗೆ ಕೊಟ್ಟಾಗ ಅವರು ಅಲ್ಲೇ ಸ್ಕಾರ್ಫ್ ಸಡಿಲಿಸಿ, ಹಾಕಿಕೊಂಡು, ಕನ್ನಡಿ ಕೇಳಿದರು.

ಆ ತಿಂಗಳು ನನ್ನ ಅಡುಗೆಮನೆಯಲ್ಲಿ ನನಗೇ ಜಾಗವಿರಲಿಲ್ಲ. ಅಮ್ಮ ಬಸ್ಸಾರು ಕಲಿಸಿದರು, ಮುದ್ದೆ ಕಲಿಸಿದರು. ಮುದ್ದೆಯನ್ನು ಅಗಿಯದೆ ನುಂಗಬೇಕೆಂದಾಗ ನನ್ನ ಜೂನಿಯರ್ ಗಂಟಲು ಹಿಡಿದುಕೊಂಡು, "ಇದಕ್ಕೆ ಸೇಫ್ಟಿ ಎಂಜಿನಿಯರ್ ಬೇಕು, ಕರೀರಿ ನಿಮ್ಮ ಅಳಿಯನನ್ನು" ಎಂದರು. ಇಬ್ಬರೂ ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಮಧ್ಯಾಹ್ನವೆಲ್ಲ ಮಾತಾಡಿದರು. ನಾನು ನಡುವೆ ಬಾಯಿ ಹಾಕಿದರೆ, "ನಿನಗೆ ಗೊತ್ತಾಗಲ್ಲ ಸುಮ್ನಿರು" ಎಂದು ಅಮ್ಮ, "ಚಿಕ್ಕವರಿಗೆ ಎಂತಕ್ಕೆ ಇದೆಲ್ಲ" ಎಂದು ನನ್ನ ಜೂನಿಯರ್. ನನಗೆ ಸಿಟ್ಟೂ ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇವರು ನನ್ನ ಗೆಳತಿ ತಾನೆ?

ಏರ್‌ಪೋರ್ಟಿನಲ್ಲಿ ಅಮ್ಮ ನನ್ನನ್ನು ತಬ್ಬಿಕೊಂಡು ಅತ್ತರು. ಆಮೇಲೆ ಅವರನ್ನೂ ತಬ್ಬಿಕೊಂಡು ಅತ್ತರು. ನನಗಿಂತ ತುಸು ಹೆಚ್ಚೇ ಹೊತ್ತು.

ಈಗ ದಿನಾ ಬೆಳಿಗ್ಗೆ ಅಮ್ಮನ ಫೋನು ಬರುತ್ತದೆ. ಮೊನ್ನೆಯೂ ಬಂತು.

"ನಿನ್ನ ಜೂನಿಯರ್ ಹೆಂಗವ್ರೆ? ಇವತ್ತು ಫೋನೇ ಎತ್ತಲಿಲ್ಲ."

"ಕಾರು ಓಡಿಸ್ತಿರಬೇಕು. ನಾನು ಚೆನ್ನಾಗಿದೀನಿ ಅಮ್ಮ."

"ಗೊತ್ತು ಬಿಡವ್ವ" ಎಂದರು ಅಮ್ಮ. "ನಿನ್ನೆನೇ ಅವರು ಹೇಳಿದ್ರು."